ಕಣಜ, ಜೇನು, ಸಲಗ: ಯಾವ ಸಂಶೋಧನೆಗೆ ಯಾಕೆ ಮನ್ನಣೆ?

ಪ್ರಾಣಿಗಳ ನಡವಳಿಕೆಯ ಅಧ್ಯಯನವನ್ನೇ ಬದುಕಾಗಿಸಿಕೊಂಡವರಿಗೆ ನೊಬೆಲ್ ಪ್ರಶಸ್ತಿ ಒಲಿದದ್ದು 1973ರಲ್ಲಿ. ಕಾರ್ಲ್ ಫಾನ್ ಫ್ರಿಶ್, ಕೊನ್ರಾಡ್ ಲೊರೆಂಜ್, ನಿಕೊ ಟಿನ್‌ಬರ್ಗೆನ್ ಎಂಬ ಮೂವರು ಅದನ್ನು ಹಂಚಿಕೊಂಡರು. ಒಬ್ಬರು ಜೇನುಹುಳುಗಳ ಹಿಂದೆ, ಇನ್ನೊಬ್ಬರು ಬಾತು ಮತ್ತು ಹೆಬ್ಬಾತುಗಳ ಹಿಂದೆ, ಮತ್ತೊಬ್ಬರು ಕಣಜ, ಮೀನು, ಕಡಲಹಕ್ಕಿಗಳ ಹಿಂದೆ ವರ್ಷಗಟ್ಟಲೆ ಅಲೆದವರು. ನೊಬೆಲ್‌ನಲ್ಲಿ ಜೀವಶಾಸ್ತ್ರಕ್ಕೆಂದು ಪ್ರತ್ಯೇಕ ವಿಭಾಗ ಇಲ್ಲದ್ದರಿಂದ ಈ ಮನ್ನಣೆ ವೈದ್ಯಕೀಯದ ಲೆಕ್ಕದಲ್ಲಿ ಸಂದಿತು. ರೋಗ, ಔಷಧ, ಜೀವಕೋಶಗಳ ಸಾಲಿನಲ್ಲಿ ಹುಳುಹುಪ್ಪಟೆ ನೋಡುತ್ತ ಕೂತವರ ಹೆಸರು ಬಂದದ್ದು ಅಂದು ವಿಜ್ಞಾನಿಗಳಲ್ಲೇ ಅನೇಕರಿಗೆ ಅಚ್ಚರಿ ತಂದಿತ್ತು.

ಪ್ರಾಣಿಗಳ ಸುದ್ದಿಗೆ ಓದುಗರು ಯಾವ ಕಾಲದಲ್ಲೂ ಕಡಿಮೆಯಿಲ್ಲ. ಬೀದಿನಾಯಿಗೆ ಹಳದಿ ಬಣ್ಣ ಇಷ್ಟ, ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ, ಸಗಣಿ ಹುಳು ನಕ್ಷತ್ರ ನೋಡಿ ದಾರಿ ಹಿಡಿಯುತ್ತದೆ ಎಂಬಂಥ ಸುದ್ದಿಗಳು ಬಂದ ದಿನವೇ ಮನೆಮಾತಾಗುತ್ತವೆ. ಓದಿದವರು ಆಮೇಲೆ ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಇದು ಗಟ್ಟಿ ವಿಜ್ಞಾನವೋ, ಮೋಜಿನ ಸುದ್ದಿಯೋ? ಗಟ್ಟಿ ಎನ್ನುವುದಾದರೆ ಅದನ್ನು ಗುರುತಿಸುವುದು ಹೇಗೆ? ಇಂಥ ಕೆಲಸಕ್ಕೆ ಸಂದ ಮನ್ನಣೆಯ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ. ಜನ ಮೆಚ್ಚುವುದು ಪ್ರಾಣಿಯನ್ನು. ಮನ್ನಣೆ ಸಲ್ಲಬೇಕಾದ್ದು ಆ ಪ್ರಾಣಿಯ ಮುಂದಿಟ್ಟ ಪ್ರಶ್ನೆಗೆ, ಬೇರೆ ಉತ್ತರಕ್ಕೆ ಎಡೆಯಿಲ್ಲದಂತೆ ಅದನ್ನು ಕೇಳಿದ ಜಾಣ್ಮೆಗೆ.

ಫಾನ್ ಫ್ರಿಶ್ ಅವರ ಹೆಸರು ಮೊದಲು ಕೇಳಿಬಂದದ್ದು ಒಂದು ವಾಗ್ವಾದದಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಸರಾಂತ ನೇತ್ರತಜ್ಞ ಕಾರ್ಲ್ ಫಾನ್ ಹೆಸ್, ಮೀನು ಮತ್ತು ಕೀಟಗಳಿಗೆ ಬಣ್ಣ ಕಾಣುವುದೇ ಇಲ್ಲ ಎಂದು ಸಾರಿದ್ದರು. ಹಾಗಿದ್ದರೆ ಹೂವುಗಳಿಗೆ ಇಷ್ಟೊಂದು ಬಣ್ಣ ಯಾರಿಗಾಗಿ ಎಂಬ ಅನುಮಾನ ಯುವಕ ಫ್ರಿಶ್‌ರನ್ನು ಕಾಡಿತು. ಅವರು ಮೇಜಿನ ಮೇಲೆ ಬೂದು ಬಣ್ಣದ ಚೌಕಗಳನ್ನು ಜೋಡಿಸಿದರು. ಹೆಚ್ಚುಕಡಿಮೆ ಬಿಳಿ ಎನ್ನಿಸುವ ಬೂದಿನಿಂದ ಕಪ್ಪಿಗೆ ಸಮೀಪದ ಬೂದಿನವರೆಗೆ ನಾನಾ ಛಾಯೆಗಳು ಅದರಲ್ಲಿದ್ದವು. ನಡುವೆ ಒಂದೇ ಒಂದು ನೀಲಿ ಚೌಕ. ಸಕ್ಕರೆ ನೀರು ಸಿಗುತ್ತಿದ್ದುದು ನೀಲಿಯ ಮೇಲಿನ ಬಟ್ಟಲಲ್ಲಿ ಮಾತ್ರ. ಜೇನುಹುಳುಗಳು ಅದಕ್ಕೆ ಒಗ್ಗಿಕೊಂಡ ಮೇಲೆ ಬಟ್ಟಲುಗಳನ್ನೆಲ್ಲ ಬರಿದು ಮಾಡಿ, ನೀಲಿ ಚೌಕವನ್ನು ಬೇರೆ ಜಾಗಕ್ಕೆ ಸರಿಸಿದರು. ಹುಳುಗಳು ನೇರ ನೀಲಿಗೇ ಬಂದವು. ಬಣ್ಣಗುರುಡಾಗಿದ್ದರೆ ನೀಲಿಯಷ್ಟೇ ಮಬ್ಬಾದ ಯಾವುದಾದರೊಂದು ಬೂದು ಚೌಕದ ಎದುರು ಅವು ತಬ್ಬಿಬ್ಬಾಗಲೇಬೇಕಿತ್ತು. ಜೇನುಹುಳು ಬಣ್ಣ ಕಾಣುತ್ತದೆ ಎಂಬುದು ಚೆಲುವಾದ ಸಂಗತಿ, ನಿಜ. ಆದರೆ ಈ ಪ್ರಯೋಗದ ಜೀವ ಇರುವುದು ಆ ಬೂದು ಚೌಕಗಳಲ್ಲಿ.

ಜೇನಿನ ಕುಣಿತ ಮುಂದಿನ ಕತೆ. ಮೇವು ಕಂಡುಬಂದ ಹುಳು ಗೂಡಿಗೆ ಮರಳಿ, ಕತ್ತಲಲ್ಲಿ ನೆಟ್ಟಗೆ ತೂಗುವ ಎರಿಯ ಮೇಲೆ ಹಿಂಭಾಗ ಅಲುಗಿಸುತ್ತ ಒಂದು ಗೆರೆ ಓಡುತ್ತದೆ, ಸುತ್ತಿ ಬಂದು ಮತ್ತೆ ಅದೇ ಗೆರೆ ಓಡುತ್ತದೆ. ಗೆರೆ ನೇರ ಮೇಲಕ್ಕಿದ್ದರೆ ಮೇವು ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. ಓರೆಯಾಗಿದ್ದರೆ ಸೂರ್ಯನಿಂದ ಅಷ್ಟೇ ಓರೆಗೆ. ಅಲುಗಾಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದರಲ್ಲಿ ದೂರದ ಸೂಚನೆ. 1920ರ ದಶಕದಲ್ಲಿ ಫ್ರಿಶ್ ಇದನ್ನು ಬೇರೆ ರೀತಿ ಅರ್ಥೈಸಿದ್ದರು: ಒಂದು ಬಗೆಯ ಕುಣಿತ ಮಕರಂದಕ್ಕೆ, ಇನ್ನೊಂದು ಪರಾಗಕ್ಕೆ ಎಂದು. ಎರಡು ದಶಕದ ಬಳಿಕ ಮೇವಿನ ಬಟ್ಟಲನ್ನು ದೂರ ದೂರಕ್ಕೆ ಒಯ್ದು ನೋಡಿದಾಗ ತಮ್ಮದೇ ಹಳೆಯ ತೀರ್ಮಾನವನ್ನು ಅವರು ಕೈಬಿಟ್ಟರು.

ಟಿನ್‌ಬರ್ಗೆನ್ ಪ್ರಯೋಗಕ್ಕೆ ಯಂತ್ರ ಬೇಕಿರಲಿಲ್ಲ, ಪ್ರಯೋಗಶಾಲೆಯೂ ಬೇಕಿರಲಿಲ್ಲ. ಜೇನುಹುಳು ಬೇಟೆಯಾಡುವ ಒಂದು ಜಾತಿಯ ಕಣಜ ಹಾಲೆಂಡಿನ ಮರಳುನೆಲದಲ್ಲಿ ಬಿಲ ತೋಡುತ್ತದೆ. ಅಂಥ ನೂರಾರು ಬಿಲಗಳ ನಡುವೆ ತನ್ನದನ್ನು ಅದು ಗುರುತಿಸುವುದು ಹೇಗೆ? ಕಣಜ ಬಿಲದೊಳಗಿದ್ದಾಗ ಟಿನ್‌ಬರ್ಗೆನ್ ಬಾಯಿಯ ಸುತ್ತ ಪೈನ್ ಮರದ ಒಣ ಕಾಯಿಗಳನ್ನು ಬಳೆಯಂತೆ ಜೋಡಿಸಿದರು. ಹೊರಬಂದ ಕಣಜ ಮೇಲೆ ಒಂದೆರಡು ಸುತ್ತು ಹಾರಿ, ನೆಲವನ್ನು ನೋಡಿಕೊಂಡು ಬೇಟೆಗೆ ಹೋಯಿತು. ಅದು ಹೋದ ಮೇಲೆ ಕಾಯಿಗಳ ಬಳೆಯನ್ನು ಒಂದಡಿಯಷ್ಟು ಪಕ್ಕಕ್ಕೆ ಸರಿಸಿದರು. ಜೇನುಹುಳುವನ್ನು ಹೊತ್ತು ಮರಳಿದ ಕಣಜ ಬಳೆಯ ನಡುವಿಗೇ ಇಳಿದು, ಬಿಲವಿಲ್ಲದ ಬರಿ ಮರಳಲ್ಲಿ ತಡಕಾಡಿತು. ಬಿಲದ ಬಾಯಿ ಅಲ್ಲೇ ಒಂದಡಿ ದೂರದಲ್ಲಿ ತೆರೆದಿತ್ತು. ಬಳೆಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದರೆ ಕಣಜವೂ ಸರಿಯಾಗಿ ಬಿಲಕ್ಕೆ ಬಂತು. 1930ರ ದಶಕದ ಈ ಪ್ರಯೋಗವನ್ನು ಇಂದಿಗೂ ಯಾವ ಹಳ್ಳಿಯ ಶಾಲೆಯ ಮಕ್ಕಳಾದರೂ ಮಾಡಿ ನೋಡಬಹುದು.

ಮೂವರಲ್ಲಿ ಜನಪ್ರಿಯತೆ ಹೆಚ್ಚು ದಕ್ಕಿದ್ದು ಲೊರೆಂಜ್‌ಗೆ. ಮೊಟ್ಟೆಯೊಡೆದ ಹೆಬ್ಬಾತಿನ ಮರಿಗಳು ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿಯೆಂದು ನಂಬಿ ಹಿಂಬಾಲಿಸುವುದನ್ನು ಅವರು ಪ್ರಸಿದ್ಧಗೊಳಿಸಿದರು. ಅವರ ಹಿಂದೆ ಮರಿಗಳು ಸಾಲಾಗಿ ನಡೆಯುವ ಚಿತ್ರ ಪಠ್ಯಪುಸ್ತಕಗಳಿಗೆಲ್ಲ ಬಂತು. ಆದರೆ ಅವರು 1938ರಲ್ಲಿ ನಾಜಿ ಪಕ್ಷ ಸೇರಿದ್ದರು, ಸಾಕುಪ್ರಾಣಿಗಳ ಕ್ಷೀಣತೆಯ ವಿಚಾರವನ್ನು ಮನುಷ್ಯ ಜನಾಂಗಗಳಿಗೆ ಅನ್ವಯಿಸಿ ಆ ಪಕ್ಷಕ್ಕೆ ಒಪ್ಪುವ ಭಾಷೆಯಲ್ಲಿ ಬರೆದಿದ್ದರು. ಅದೇ ಹೊತ್ತಿಗೆ ಫ್ರಿಶ್ ಅವರ ವಂಶದಲ್ಲಿ ಯಹೂದಿ ರಕ್ತವಿದೆ ಎಂದು ಆಡಳಿತ ಅವರನ್ನು ಹುದ್ದೆಯಿಂದ ತೆಗೆಯಲು ಹೊರಟಿತ್ತು; ಜೇನುಗೂಡುಗಳನ್ನು ನಾಶಮಾಡುತ್ತಿದ್ದ ನೊಸೆಮಾ ರೋಗದ ಅಧ್ಯಯನಕ್ಕೆ ಅವರು ಬೇಕಾಗಿದ್ದರಿಂದ ಅದು ಮುಂದಕ್ಕೆ ಹೋಯಿತು. ಲೈಡನ್ ವಿಶ್ವವಿದ್ಯಾಲಯದ ಯಹೂದಿ ಪ್ರಾಧ್ಯಾಪಕರ ವಜಾ ವಿರೋಧಿಸಿದ ಟಿನ್‌ಬರ್ಗೆನ್ ಜರ್ಮನ್ನರ ಒತ್ತೆಯಾಳು ಶಿಬಿರದಲ್ಲಿ ಎರಡು ವರ್ಷ ಕಳೆದರು. ಈ ಮೂವರ ಹೆಸರನ್ನು ಒಂದೇ ಪ್ರಶಸ್ತಿ ಒಟ್ಟಿಗೆ ತಂದಿತು. ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯ ತಾನು ಕೊಟ್ಟಿದ್ದ ಗೌರವ ಡಾಕ್ಟರೇಟನ್ನು ಲೊರೆಂಜ್ ತೀರಿಕೊಂಡು ಎಷ್ಟೋ ವರ್ಷಗಳ ಬಳಿಕ, 2015ರಲ್ಲಿ, ಹಿಂಪಡೆಯಿತು. ಹೆಬ್ಬಾತಿನ ಮರಿಗಳ ಬಗ್ಗೆ ಅವರು ಕಂಡದ್ದು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಆ ಚಿತ್ರವನ್ನು ಮಕ್ಕಳಿಗೆ ತೋರಿಸುವವರು ಈ ಭಾಗವನ್ನೂ ಹೇಳುವುದು ನ್ಯಾಯ.

ನೊಬೆಲ್ ಬಂದ ಮಾತ್ರಕ್ಕೆ ಸಂಶೋಧನೆಯ ಚರ್ಚೆ ಮುಗಿಯುವುದಿಲ್ಲ ಎಂಬುದಕ್ಕೂ ಜೇನಿನ ಕುಣಿತವೇ ಸಾಕ್ಷಿ. ಪ್ರಶಸ್ತಿ ಘೋಷಣೆಯಾದಾಗ ಅದರ ಬಗ್ಗೆ ಬಿಸಿಬಿಸಿ ವಿವಾದ ನಡೆಯುತ್ತಿತ್ತು. ಕುಣಿತ ನಡೆಯುವುದು ನಿಜ, ಆದರೆ ಉಳಿದ ಹುಳುಗಳು ಅದನ್ನು ಓದುತ್ತವೆ ಎಂಬುದಕ್ಕೆ ಪುರಾವೆ ಎಲ್ಲಿ, ಅವು ಬರೀ ವಾಸನೆ ಹಿಡಿದು ಹೋಗುತ್ತಿರಬಹುದಲ್ಲ ಎಂದು ಅಮೆರಿಕದ ಏಡ್ರಿಯನ್ ವೆನ್ನರ್ 1967ರಿಂದ ವಾದಿಸುತ್ತಿದ್ದರು. ತಕರಾರು ನ್ಯಾಯವಾದದ್ದೇ. ಅದಕ್ಕೆ ಜೇಮ್ಸ್ ಗೌಲ್ಡ್ 1970ರ ದಶಕದಲ್ಲಿ ಕೊಟ್ಟ ಉತ್ತರ ಈ ಶಾಸ್ತ್ರದ ಅತಿ ಚುರುಕಾದ ಪ್ರಯೋಗಗಳಲ್ಲೊಂದು. ಜೇನುಹುಳುವಿನ ನೆತ್ತಿಯ ಮೇಲೆ ಬೆಳಕನ್ನು ಅಳೆಯುವ ಮೂರು ಪುಟ್ಟ ಕಣ್ಣುಗಳಿರುತ್ತವೆ. ಅವಕ್ಕೆ ಬಣ್ಣ ಬಳಿದರೆ ಹುಳುವಿಗೆ ಮಂದ ಬೆಳಕು ತಿಳಿಯುವುದಿಲ್ಲ. ಗೂಡಿನೊಳಗೆ ದೀಪವೊಂದನ್ನು ಇಟ್ಟರೆ ಹುಳುಗಳು ಅದನ್ನೇ ಸೂರ್ಯ ಎಂದುಕೊಂಡು, ಮೇಲು ಕೆಳಗಿನ ಬದಲು ದೀಪದ ದಿಕ್ಕಿನಿಂದ ಕುಣಿತವನ್ನು ಅಳೆಯುತ್ತವೆ. ಗೌಲ್ಡ್ ಕುಣಿಯುವ ಹುಳುಗಳ ಪುಟ್ಟ ಕಣ್ಣುಗಳಿಗೆ ಮಾತ್ರ ಬಣ್ಣ ಬಳಿದರು. ಅವು ದೀಪ ಕಾಣದೆ ಮೇಲು ಕೆಳಗಿನ ಲೆಕ್ಕದಲ್ಲಿ ಕುಣಿದವು; ನೋಡುತ್ತಿದ್ದ ಹುಳುಗಳು ದೀಪದ ಲೆಕ್ಕದಲ್ಲಿ ಅದನ್ನು ತಪ್ಪಾಗಿ ಓದಿದವು. ಓದಿ, ಮೇವಿದ್ದ ಕಡೆ ಬಿಟ್ಟು, ತಪ್ಪು ಓದಿದರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋದವು. ಕುಣಿದವರಿಗೇ ಗೊತ್ತಿಲ್ಲದ ಜಾಗಕ್ಕೆ ನೋಡಿದವರು ಹೋದ ಮೇಲೆ ವಾಸನೆಯ ವಾದಕ್ಕೆ ನೆಲೆ ಉಳಿಯಲಿಲ್ಲ. 2005ರಲ್ಲಿ ಹುಳುಗಳ ಬೆನ್ನಿಗೆ ಪುಟ್ಟ ಸಾಧನ ಅಂಟಿಸಿ ರೇಡಾರಿನಿಂದ ಹಿಂಬಾಲಿಸಿದ ಬ್ರಿಟನ್ನಿನ ತಂಡವೂ ಫ್ರಿಶ್ ಹೇಳಿದ್ದನ್ನೇ ಕಂಡಿತು.

ಇಷ್ಟು ಬಿಗಿಯಾದ ಪರೀಕ್ಷೆ ಯಾಕೆ ಬೇಕು ಎಂಬುದನ್ನು ಈ ಕ್ಷೇತ್ರಕ್ಕೆ ಕಲಿಸಿದ್ದು ಒಂದು ಕುದುರೆ. ಬರ್ಲಿನ್ನಿನ ನಿವೃತ್ತ ಶಿಕ್ಷಕ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅವರ ಹಾನ್ಸ್ ಎಂಬ ಕುದುರೆ ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಸರಿ ಉತ್ತರ ಕೊಡುತ್ತಿತ್ತು. 1904ರಲ್ಲಿ ಜರ್ಮನಿಯ ತುಂಬ ಅದರದೇ ಮಾತು. ವಿಚಾರಣಾ ಸಮಿತಿಯೊಂದು ಬಂದು ಪರೀಕ್ಷಿಸಿ, ಮೋಸವೇನೂ ಇಲ್ಲ ಎಂದು ಹೇಳಿತು. ಅದು ನಿಜವೇ, ಓಸ್ಟೆನ್ ಪ್ರಾಮಾಣಿಕರಾಗಿದ್ದರು. ಆಸ್ಕರ್ ಫುಂಗ್‌ಸ್ಟ್ ಎಂಬ ತರುಣ ಸಂಶೋಧಕ ಬೇರೆಯದೇ ಪ್ರಶ್ನೆ ಹಾಕಿದರು: ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಕುದುರೆ ಸೋತಿತು. ಕೇಳುವವನು ಕಣ್ಣಿಗೆ ಬೀಳದಿದ್ದಾಗಲೂ ಸೋತಿತು. ಗೊರಸಿನ ಎಣಿಕೆ ಸರಿ ಸಂಖ್ಯೆಗೆ ಬಂದೊಡನೆ ಕೇಳಿದವನ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ಅದನ್ನು ಗುರುತಿಸಿ ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಮೇಲೂ ಆ ಚಲನೆಯನ್ನು ತಡೆಯಲು ತಮಗೇ ಕಷ್ಟವಾಯಿತೆಂದು ಫುಂಗ್‌ಸ್ಟ್ ದಾಖಲಿಸಿದ್ದಾರೆ. ಅವರ ಪುಸ್ತಕ 1907ರಲ್ಲಿ ಬಂತು. ಅಂದಿನಿಂದ ಪ್ರಾಣಿಯ ಎದುರು ನಿಲ್ಲುವವರಿಗೆ ಸರಿ ಉತ್ತರ ತಿಳಿಯದಂತೆ ಪ್ರಯೋಗ ಹೂಡುವುದು ಒಳ್ಳೆಯ ಸಂಶೋಧನೆಯ ಕಡ್ಡಾಯ ಲಕ್ಷಣವಾಯಿತು. ಜಾಣ ನಾಯಿ, ಮಾತಾಡುವ ಗಿಳಿ, ಭವಿಷ್ಯ ಹೇಳುವ ಪ್ರಾಣಿಗಳ ಸುದ್ದಿ ಬಂದಾಗ ಓದುಗರು ಮೊದಲು ಹುಡುಕಬೇಕಾದ್ದು ಇದನ್ನೇ. ಮನುಷ್ಯನ ತಲೆಯ ಸೂಕ್ಷ್ಮ ಚಲನೆಯನ್ನು ಓದುವ ಕುದುರೆಯ ಶಕ್ತಿಯೂ ಗಣಿತಕ್ಕಿಂತ ಕಡಿಮೆಯ ಬೆರಗಲ್ಲ ಎಂಬುದನ್ನೂ ನೆನಪಿಡಬೇಕು.

ಜೇನ್ ಗುಡಾಲ್ ವಿಷಯದಲ್ಲಿ ಜನರ ಗಮನ ಮೊದಲು ಬಂತು, ವಿದ್ವಾಂಸರ ಗೌರವ ನಿಧಾನವಾಗಿ ಬಂತು. 1960ರ ಜುಲೈನಲ್ಲಿ ಇಂದಿನ ಟಾಂಜಾನಿಯಾದ ಗೋಂಬೆ ಕಾಡಿಗೆ ಹೋದಾಗ ಆಕೆಗೆ ಪದವಿ ಇರಲಿಲ್ಲ. ಅದೇ ವರ್ಷ ಚಿಂಪಾಂಜಿಯೊಂದು ಹುಲ್ಲಿನ ಕಡ್ಡಿಯನ್ನು ಹುತ್ತದ ತೂತಿಗೆ ತೂರಿಸಿ, ಕಚ್ಚಿ ಹಿಡಿದ ಗೆದ್ದಲನ್ನು ಎಳೆದು ತಿನ್ನುವುದನ್ನು ಕಂಡರು. ಕಡ್ಡಿಯ ಎಲೆಗಳನ್ನು ಸವರಿ ಹದಮಾಡಿಕೊಳ್ಳುವುದನ್ನೂ ಕಂಡರು. ಉಪಕರಣ ಮಾಡುವುದು ಮನುಷ್ಯನೊಬ್ಬನಿಗೇ ಗೊತ್ತು ಎಂಬ ಅಂದಿನ ನಂಬಿಕೆಗೆ ಅದು ಏಟು ಕೊಟ್ಟಿತು. ನ್ಯಾಷನಲ್ ಜಿಯಾಗ್ರಫಿಕ್ ಲೇಖನ 1963ರಲ್ಲಿ, ಚಲನಚಿತ್ರ 1965ರಲ್ಲಿ ಬಂದು ಆಕೆ ಜಗತ್ಪ್ರಸಿದ್ಧರಾದರು. ವಿದ್ವಾಂಸರಲ್ಲಿ ಹಲವರಿಗೆ ಇದೇ ಅಸಮಾಧಾನ ತಂದಿತು. ಚಿಂಪಾಂಜಿಗಳಿಗೆ ಸಂಖ್ಯೆ ಕೊಡುವ ಬದಲು ಹೆಸರಿಟ್ಟದ್ದು ಭಾವುಕತೆ ಎಂದರು. ಆದರೆ ಹೆಸರಿಟ್ಟು ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿದ್ದರಿಂದಲೇ ತಾಯಿ ಮಗುವಿನ ಸಂಬಂಧ, ಪಟ್ಟದ ಪೈಪೋಟಿ, ಅನಾಥ ಮರಿಗಳ ಪಾಡು ದಶಕಗಳುದ್ದಕ್ಕೂ ದಾಖಲಾಗುವುದು ಸಾಧ್ಯವಾಯಿತು. 1990ರಲ್ಲಿ ಜಪಾನಿನ ಕ್ಯೋಟೊ ಪ್ರಶಸ್ತಿ ಅವರಿಗೆ ಸಂದಿತು. 2025ರ ಅಕ್ಟೋಬರ್ 1ರಂದು ಅವರು ತೀರಿಕೊಂಡಾಗ ವಿಜ್ಞಾನದ ಗಡಿಯಾಚೆಯಿಂದಲೂ ಸಂತಾಪ ಹರಿದುಬಂತು.

ಗೋಂಬೆಯ ಕೆಲಸಕ್ಕೆ ಬಂದ ಗಂಭೀರ ಆಕ್ಷೇಪ ಹೆಸರಿಟ್ಟದ್ದರ ಬಗ್ಗೆ ಅಲ್ಲ, ಬಾಳೆಹಣ್ಣಿನ ಬಗ್ಗೆ. ಚಿಂಪಾಂಜಿಗಳು ಹತ್ತಿರ ಬರಲೆಂದು ಶಿಬಿರದಲ್ಲಿ ಹಣ್ಣು ಕೊಡಲಾಗುತ್ತಿತ್ತು. ಆ ಪೈಪೋಟಿಯಿಂದಲೇ ಅವು ಜಗಳಗಂಟಿಗಳಾದವು, 1970ರ ದಶಕದಲ್ಲಿ ಒಂದು ಗುಂಪು ಇನ್ನೊಂದನ್ನು ಕೊಂದು ಮುಗಿಸಿದ್ದಕ್ಕೂ ಅದೇ ಕಾರಣವಿರಬಹುದು ಎಂಬ ವಾದ ಎದ್ದಿತು. 2014ರಲ್ಲಿ ಆಫ್ರಿಕದ 18 ಚಿಂಪಾಂಜಿ ಗುಂಪುಗಳ ಐದು ದಶಕಗಳ ದಾಖಲೆಯನ್ನು ಒಟ್ಟುಗೂಡಿಸಿ ನೋಡಿದಾಗ, ಮನುಷ್ಯರ ಹಸ್ತಕ್ಷೇಪ ಹೆಚ್ಚಿದ್ದಲ್ಲಿ ಕೊಲೆ ಹೆಚ್ಚು ಎಂಬ ನಂಟು ಕಾಣಲಿಲ್ಲ. ಗಂಡುಗಳ ಸಂಖ್ಯೆ ಮತ್ತು ಗುಂಪಿನ ಸಾಂದ್ರತೆಯೇ ಹೆಚ್ಚು ವಿವರಣೆ ಕೊಟ್ಟವು. ಒಂದೇ ಕಾಡಿನ ಕತೆ ಹೀಗೆ ಹಲವು ಕಾಡುಗಳ ದಾಖಲೆಯ ಮುಂದೆ ನಿಂತು ಉಳಿದದ್ದು ಚಲನಚಿತ್ರಕ್ಕಿಂತ ದೊಡ್ಡ ಮನ್ನಣೆ.

ಗಮನ ಸೆಳೆಯುವುದು ಯಾವಾಗಲೂ ಮೆಚ್ಚುಗೆಯಿಂದಲೇ ಅಲ್ಲ. ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಲ್ಲಿ ಸರ್ಕಾರಿ ದುಂದುವೆಚ್ಚವನ್ನು ಹಂಗಿಸಲು ‘ಗೋಲ್ಡನ್ ಫ್ಲೀಸ್’ ಎಂಬ ಅಣಕು ಬಹುಮಾನ ಶುರುಮಾಡಿದರು. ಆ ವರ್ಷವೇ ರೊನಾಲ್ಡ್ ಹಚಿನ್ಸನ್ ಅವರ ಕೆಲಸ ಅದಕ್ಕೆ ಗುರಿಯಾಯಿತು. ಕೋಪ ಬಂದ ಕೋತಿಗಳು ದವಡೆ ಕಚ್ಚುವುದನ್ನು ಅಳೆಯುತ್ತ ಅವರು ಆಕ್ರಮಣಶೀಲತೆಯ ಅಧ್ಯಯನ ಮಾಡುತ್ತಿದ್ದರು. ಬಾಹ್ಯಾಕಾಶ ನೌಕೆಯಲ್ಲಿ, ಜಲಾಂತರ್ಗಾಮಿಯಲ್ಲಿ ಮನುಷ್ಯರು ಒತ್ತೊತ್ತಾಗಿ ತಿಂಗಳುಗಟ್ಟಲೆ ಇರಬೇಕಾದಾಗ ಇದು ಮುಖ್ಯವಾಗುತ್ತದೆಂದು ನಾಸಾ ಮತ್ತು ನೌಕಾಪಡೆ ಹಣ ಕೊಟ್ಟಿದ್ದವು. ಹಚಿನ್ಸನ್ ಮಾನನಷ್ಟ ಮೊಕದ್ದಮೆ ಹೂಡಿದರು. 1979ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಸದನದ ಹೊರಗೆ ಪತ್ರಿಕಾ ಹೇಳಿಕೆಗಳಲ್ಲಿ ಆಡಿದ ಮಾತಿಗೆ ಸದನದ ರಕ್ಷಣೆ ಇಲ್ಲ ಎಂದಿತು. ಪ್ರಾಕ್ಸ್‌ಮೈರ್ ಕೊನೆಗೆ 10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಹಚಿನ್ಸನ್ ಗೆದ್ದರು ಅನ್ನಬಹುದು, ಆದರೆ ಹಾಸ್ಯಕ್ಕೆ ಸಿಕ್ಕಷ್ಟು ಜಾಗ ಪತ್ರಿಕೆಗಳಲ್ಲಿ ತೀರ್ಪಿನ ವಿವರಕ್ಕೆ ಎಂದೂ ಸಿಗುವುದಿಲ್ಲ.

ಈ ಅಣಕಕ್ಕೆ ಪ್ರತಿಯಾಗಿ 2012ರಲ್ಲಿ ‘ಗೋಲ್ಡನ್ ಗೂಸ್’ ಎಂಬ ನಿಜವಾದ ಪ್ರಶಸ್ತಿ ಹುಟ್ಟಿತು. ಕೇಳಿದರೆ ನಗು ಬರಿಸುವ, ಆದರೆ ಸಮಾಜಕ್ಕೆ ದೊಡ್ಡ ಉಪಕಾರವಾದ ಸರ್ಕಾರಿ ನೆರವಿನ ಸಂಶೋಧನೆಗೆ ಅದು ಮೀಸಲು. 2016ರಲ್ಲಿ ಅದು ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಅವರ ನೆನಪಿಗೆ ಸಂದಿತು. ಸ್ಕ್ರೂವರ್ಮ್ ನೊಣ ದನದ ಗಾಯದಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳುಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ, ದನ ಸಾಯುತ್ತದೆ. ಈ ನೊಣದ ಹೆಣ್ಣು ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ ಎಂಬುದನ್ನು ನಿಪ್ಲಿಂಗ್ ಗಮನಿಸಿದ್ದರು. ವಿಕಿರಣದಿಂದ ಬಂಜೆಯಾಗಿಸಿದ ಗಂಡುಗಳನ್ನು ರಾಶಿರಾಶಿಯಾಗಿ ಬಿಟ್ಟರೆ ಅವುಗಳೊಡನೆ ಕೂಡಿದ ಹೆಣ್ಣುಗಳ ಮೊಟ್ಟೆ ಒಡೆಯುವುದೇ ಇಲ್ಲ ಎಂಬುದು ಅವರ ಲೆಕ್ಕ. 1954ರಲ್ಲಿ ಕುರಾಸಾವ್ ದ್ವೀಪದಲ್ಲಿ ಕೆಲವೇ ತಿಂಗಳಲ್ಲಿ ಆ ನೊಣ ಇಲ್ಲವಾಯಿತು. ಮುಂದಿನ ದಶಕಗಳಲ್ಲಿ ಅಮೆರಿಕದ ನೆಲದಿಂದಲೂ ಹೋಯಿತು. ನೊಣದ ದಾಂಪತ್ಯ ಎಂದು ನಕ್ಕು ಬಿಡಬಹುದಾಗಿದ್ದ ಒಂದು ವಿವರದ ಮೇಲೆ ಇಡೀ ಕಾರ್ಯಾಚರಣೆ ನಿಂತಿತ್ತು.

ನಗುವನ್ನೇ ಗೌರವವಾಗಿ ತಿರುಗಿಸಿದ್ದು 1991ರಲ್ಲಿ ಶುರುವಾದ ಇಗ್ ನೊಬೆಲ್. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಅದು ಸಿಗುತ್ತದೆ. (ಹದಿಹರೆಯದವರು ಮೂಗಿನಲ್ಲಿ ಬೆರಳಾಡಿಸುವ ಅಭ್ಯಾಸದ ಅಧ್ಯಯನಕ್ಕೆ 2001ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಇಬ್ಬರು ವೈದ್ಯರಿಗೂ ಬಂದಿತ್ತು.) ಪ್ರಾಣಿ ನಡವಳಿಕೆಯವರು ಇದನ್ನು ಮತ್ತೆ ಮತ್ತೆ ಗೆದ್ದಿದ್ದಾರೆ. 2013ರ ವಿಜೇತರಲ್ಲಿ ಸಗಣಿ ಹುಳುವಿನ ತಂಡವಿತ್ತು. ಸಗಣಿಯ ಉಂಡೆ ಕಟ್ಟಿದ ಹುಳು ಬೇರೆಯವು ಕಸಿಯುವ ಮುನ್ನ ಅದನ್ನು ನೇರ ದಾರಿಯಲ್ಲಿ ಉರುಳಿಸಿಕೊಂಡು ದೂರ ಹೋಗಬೇಕು. ಸುತ್ತಿ ಮತ್ತೆ ರಾಶಿಗೇ ಬಂದರೆ ಕೆಟ್ಟಿತು. ಚಂದ್ರನಿಲ್ಲದ ರಾತ್ರಿಯಲ್ಲೂ ಅದು ನೇರ ಹೋಗುವುದು ಹೇಗೆ? ಸ್ವೀಡನ್ನಿನ ಮರೀ ಡಾಕೆ, ಎರಿಕ್ ವಾರಂಟ್, ದಕ್ಷಿಣ ಆಫ್ರಿಕದ ಮಾರ್ಕಸ್ ಬರ್ನ್ ಮತ್ತವರ ಸಂಗಡಿಗರು ಹುಳುಗಳ ತಲೆಗೆ ರಟ್ಟಿನ ಪುಟ್ಟ ಟೋಪಿ ತೊಡಿಸಿದರು. ಆಕಾಶ ಮರೆಯಾದೊಡನೆ ಅವು ದಾರಿ ತಪ್ಪಿದವು. ಟೋಪಿಯ ಭಾರವೇ ಕಾರಣವಿರಬಹುದಲ್ಲ? ಅದಕ್ಕೆಂದೇ ಬೇರೆ ಹುಳುಗಳಿಗೆ ಪಾರದರ್ಶಕ ಟೋಪಿ ಹಾಕಿದ್ದರು. ಅವು ನೇರವಾಗಿಯೇ ಹೋದವು. ಆಮೇಲೆ ಹುಳುಗಳನ್ನು ಜೊಹಾನ್ಸ್‌ಬರ್ಗಿನ ತಾರಾಲಯಕ್ಕೇ ಒಯ್ದು, ಉಳಿದ ನಕ್ಷತ್ರಗಳನ್ನು ಆರಿಸಿ ಆಕಾಶಗಂಗೆಯ ಪಟ್ಟಿಯನ್ನಷ್ಟೇ ತೋರಿಸಿದರು. ಪೂರ್ಣ ತಾರಾಗಣದ ಕೆಳಗೆ ಹೇಗೋ ಹಾಗೆಯೇ ಅವು ಸಾಗಿದವು. ಆಕಾಶಗಂಗೆಯನ್ನು ದಾರಿಗೆ ಬಳಸುವ ಪ್ರಾಣಿಯೊಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಟೋಪಿ ಧರಿಸಿದ ಹುಳುವಿನ ಚಿತ್ರ ಜಗತ್ತನ್ನು ಸುತ್ತಿತು. ಪಾರದರ್ಶಕ ಟೋಪಿಯ ವಿಷಯ ಬರೆದ ವರದಿಗಳು ಕಡಿಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಬೆನ್ನುಹತ್ತಿದ್ದು ರೊಪಾಲಿಡಿಯಾ ಮಾರ್ಜಿನಾಟ ಎಂಬ ಕಣಜವನ್ನು. ಕಿಟಕಿಯ ಮೂಲೆ, ಸಜ್ಜೆಯ ಅಡಿಯಲ್ಲಿ ಕಾಗದದಂಥ ಗೂಡು ಕಟ್ಟುವ ಈ ಹುಳುವನ್ನು ದಕ್ಷಿಣ ಭಾರತದಲ್ಲಿ ಕಾಣದವರಿಲ್ಲ. ಕಂಡವರು ಕೋಲು ಹುಡುಕುತ್ತಾರೆ. ಒಂದೊಂದು ಹುಳುವಿಗೂ ಬೇರೆಬೇರೆ ಬಣ್ಣದ ಚುಕ್ಕಿ ಇಟ್ಟು ನೋಡಿದಾಗ ತಿಳಿದದ್ದು, ಇದರ ರಾಣಿ ಯಾರನ್ನೂ ಗದರುವುದಿಲ್ಲ, ಸೌಮ್ಯವಾಗಿ ಇರುತ್ತದೆ ಎಂಬುದು. ರಾಣಿಯನ್ನು ತೆಗೆದರೆ ಕೆಲಸಗಾರ್ತಿಗಳಲ್ಲೊಬ್ಬಳು ಸ್ವಲ್ಪ ಹೊತ್ತಿನಲ್ಲೇ ಉಗ್ರಳಾಗುತ್ತಾಳೆ, ದಿನಗಳಲ್ಲಿ ಮೊಟ್ಟೆ ಇಡತೊಡಗುತ್ತಾಳೆ, ಆಮೇಲೆ ಅವಳೂ ಶಾಂತಳು. ಉತ್ತರಾಧಿಕಾರಿ ಯಾರೆಂದು ಮುಂಚಿತವಾಗಿ ಗುರುತಿಸುವ ಯಾವ ಲಕ್ಷಣವೂ ಮನುಷ್ಯರಿಗೆ ಸಿಗಲಿಲ್ಲ. ಕಣಜಗಳಿಗೆ ಗೊತ್ತೇ? ಗದಗ್ಕರ್ ಮತ್ತು ಅನಿಂದಿತಾ ಭದ್ರ ಗೂಡನ್ನು ಎರಡಾಗಿ ಕತ್ತರಿಸಿ, ನಡುವೆ ತಂತಿಜಾಲರಿ ಇಟ್ಟು, ಹುಳುಗಳನ್ನು ಎರಡೂ ಕಡೆ ಹಂಚಿ, ರಾಣಿಯನ್ನು ಒಮ್ಮೆ ಈಚೆ, ಒಮ್ಮೆ ಆಚೆ ಇಟ್ಟು ನೋಡಿದರು. ನಿಜವಾದ ಉತ್ತರಾಧಿಕಾರಿ ಮುಂದೆ ಬಂದಾಗ ಎರಡೂ ಕಡೆಯವು ತಕರಾರಿಲ್ಲದೆ ಒಪ್ಪಿಕೊಂಡವು. 2008ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಬೇಕಾದ್ದು ಕತ್ತರಿ, ಜಾಲರಿ, ಬಣ್ಣ ಮತ್ತು ಅಪಾರ ತಾಳ್ಮೆ. ಗದಗ್ಕರ್‌ಗೆ 1993ರಲ್ಲಿ ಭಟ್ನಾಗರ್ ಪ್ರಶಸ್ತಿ, 2006ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ವಿದೇಶಿ ಸದಸ್ಯತ್ವ ಬಂದವು. ದುಬಾರಿ ಉಪಕರಣಗಳಿಲ್ಲದೆಯೂ ಮೊದಲ ದರ್ಜೆಯ ವಿಜ್ಞಾನ ಸಾಧ್ಯ ಎಂದು ಅವರು ಜನಸಾಮಾನ್ಯರಿಗಾಗಿ ಬರೆಯುತ್ತಲೇ ಬಂದಿದ್ದಾರೆ, ಅದು ಪದವಿ ಕಾಲೇಜುಗಳಿಗೆಲ್ಲ ಮುಟ್ಟಬೇಕಾದ ಮಾತು.

ಅದೇ ಸಂಸ್ಥೆಯ ಆರ್. ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡಂಚಿನಲ್ಲಿ ಆನೆಗಳನ್ನು ಹಿಂಬಾಲಿಸಿದರು. ರಾಗಿ, ಜೋಳದ ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆ ಮರಿಗಳ ಹಿಂಡಿಗಿಂತ ಬೆಳೆದ ಗಂಡಾನೆಗಳೇ ಹಲವು ಪಟ್ಟು ಮುಂದು ಎಂದು ಕಂಡರು. ಅಟ್ಟಣೆ ಕಟ್ಟಿ ಕಾವಲು ಕೂತವರಿಗೆ ಒಂಟಿ ಸಲಗದ ಕಾಟ ಹೊಸದಲ್ಲ. ಸುಕುಮಾರ್ ಕೇಳಿದ್ದು ಯಾಕೆ ಗಂಡೇ ಎಂದು. ಪುಷ್ಟಿಯಾದ ಮೇವು ತಿಂದು ಮೈ ಬೆಳೆಸಿಕೊಂಡ ಗಂಡಿಗೆ ಹೆಣ್ಣುಗಳನ್ನು ಕೂಡುವ ಪೈಪೋಟಿಯಲ್ಲಿ ಲಾಭ ಹೆಚ್ಚು, ಆದ್ದರಿಂದ ಬಂದೂಕು ಬೆಂಕಿಗಳ ಅಪಾಯವೂ ಅದಕ್ಕೆ ಹೊಂದುತ್ತದೆ; ಮರಿ ಕಟ್ಟಿಕೊಂಡ ಹಿಂಡಿಗೆ ಹೊಂದುವುದಿಲ್ಲ ಎಂಬುದು ಅವರ ವಿವರಣೆ. ಆನೆ ಹಾವಳಿ ಎಂದು ಒಟ್ಟಾಗಿ ಹೇಳುವುದರ ಬದಲು ಯಾವ ಆನೆ, ಯಾಕೆ ಎಂದು ಕೇಳುವ ರೂಢಿಗೆ ಇಂಥ ಕೆಲಸವೇ ದಾರಿ. ಅವರಿಗೆ 2003ರಲ್ಲಿ ವಿಟ್ಲಿ ಗೋಲ್ಡ್, 2006ರಲ್ಲಿ ಜಪಾನಿನ ಕಾಸ್ಮೊಸ್ ಪ್ರಶಸ್ತಿ ಬಂತು.

ಮೇಲೆ ಹೇಳಿದ ಅನಿಂದಿತಾ ಭದ್ರ ಈಗ ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ಬೀದಿನಾಯಿಗಳ ಅಧ್ಯಯನ ನಡೆಸುತ್ತಾರೆ. ಅಪರಿಚಿತರ ಮೇಲೆ ನಂಬಿಕೆ ಬೆಳೆಯಲು ಮತ್ತೆ ಮತ್ತೆ ಕೊಟ್ಟ ತಿನಿಸಿಗಿಂತ ಮೈದಡವುವುದೇ ಹೆಚ್ಚು ಪರಿಣಾಮಕಾರಿ ಎಂದು ಅವರ ತಂಡ 2017ರಲ್ಲಿ ತೋರಿಸಿತು. ಬೀದಿನಾಯಿಗೆ ಹಳದಿ ಬಣ್ಣ ಇಷ್ಟ ಎಂಬ ಸುದ್ದಿಯೂ ಇದೇ ತಂಡದ್ದು. ನಾಯಿಯನ್ನು ಕುರಿತು ಇಡೀ ದೇಶ ಜಗಳವಾಡುತ್ತಿರುವಾಗ ಬೀದಿನಾಯಿ ನಿಜಕ್ಕೂ ಹೇಗೆ ನಡೆದುಕೊಳ್ಳುತ್ತದೆ ಎಂದು ಅಳೆದು ನೋಡುವ ಕೆಲಸಕ್ಕೆ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚು ಬೆಲೆ ಸಿಗಬೇಕು.

ಇನ್ನು ಆನೆಗಳ ಹೆಸರಿನ ಸುದ್ದಿ. 2024ರಲ್ಲಿ ಕೀನ್ಯಾದ ಆನೆಗಳ 469 ಕರೆಗಳನ್ನು ಕಂಪ್ಯೂಟರ್ ವಿಶ್ಲೇಷಿಸಿ, ಕರೆ ಯಾವ ಆನೆಗೆ ಉದ್ದೇಶಿಸಿದ್ದೆಂದು ಊಹಿಸಿತು. ಊಹೆ ಸರಿಯಾದದ್ದು ಶೇ. 27.5ರಷ್ಟು. ಕಡಿಮೆ ಎನಿಸಬಹುದು, ಆದರೆ ಅರ್ಥವಿಲ್ಲದ ಲೆಕ್ಕ ಉಣಿಸಿದಾಗ ಬಂದ ಶೇ. 8ರೊಡನೆ ಹೋಲಿಸಿದರೆ ಇದರ ತೂಕ ತಿಳಿಯುತ್ತದೆ. ಆಮೇಲೆ 17 ಆನೆಗಳಿಗೆ ಕರೆಗಳನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ, ತಮಗೆಂದೇ ಮೂಲದಲ್ಲಿ ಬಂದಿದ್ದ ಕರೆಗೆ ಅವು ಹೆಚ್ಚು ಬೇಗ ಓಗೊಟ್ಟವು. ಆನೆಗಳಿಗೆ ಹೆಸರಿದೆ ಎಂಬ ತಲೆಬರಹ ಇದಕ್ಕಿಂತ ನಾಲ್ಕು ಹೆಜ್ಜೆ ಮುಂದಿದೆ. ಸಂಶೋಧಕರು ಹೇಳಿದ್ದು ಕರೆಗಳಲ್ಲಿ ಹೆಸರಿನಂಥದ್ದೇನೋ ಇದೆ ಎಂದು. ಯಾವ ಭಾಗ ಹೆಸರು ಎಂಬುದನ್ನು ಬಿಡಿಸಿ ತೋರಿಸಲು ಅವರಿಗೂ ಆಗಿಲ್ಲ.

ಮನ್ನಣೆಯ ಈ ಪಟ್ಟಿಗಳಲ್ಲಿ ಸೇರದೆ ಉಳಿದವರೂ ಇದ್ದಾರೆ. 1975ರಲ್ಲಿ ಗೋಂಬೆಯಿಂದ ನಾಲ್ವರು ವಿದ್ಯಾರ್ಥಿಗಳನ್ನು ಬಂಡುಕೋರರು ಅಪಹರಿಸಿದ ಮೇಲೆ ವಿದೇಶಿ ಸಂಶೋಧಕರು ಅಲ್ಲಿ ಉಳಿಯಲಾಗಲಿಲ್ಲ. ದಿನವಹಿ ದಾಖಲೆಯನ್ನು ನಿಲ್ಲಿಸದೆ ಮುಂದುವರಿಸಿದವರು ಟಾಂಜಾನಿಯಾದ ಸ್ಥಳೀಯ ಸಹಾಯಕರು. ಇಂದು ಜಗತ್ತು ಉಲ್ಲೇಖಿಸುವ ಮಾಹಿತಿಯ ಬಹುಪಾಲು ಅವರ ಕೈಬರಹದ್ದು. ಬಿಳಿಗಿರಿರಂಗನ ಬೆಟ್ಟ, ನಾಗರಹೊಳೆಗಳ ಅಧ್ಯಯನಗಳ ಹಿಂದೆಯೂ ಸೋಲಿಗರು, ಜೇನುಕುರುಬರು, ಕಾಡಿನ ಕಾವಲುಗಾರರು ಇದ್ದಾರೆ. ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡಿ ಪ್ರಾಣಿ ಎತ್ತ ಹೋಯಿತೆಂದು ಹೇಳುವವರು ಅವರೇ. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಅವರಿಗೆ ಸಿಗುವುದು ಕೊನೆಯ ಕೃತಜ್ಞತೆಯ ಸಾಲು. ನೊಬೆಲ್ ಅನ್ನು ಒಂದು ವಿಭಾಗದಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ಹಂಚುವುದಿಲ್ಲ. ಅದರ ನಿಯಮ ಬದಲಿಸುವುದು ಸಂಶೋಧಕರ ಕೈಯಲ್ಲಿಲ್ಲ. ಪ್ರಬಂಧದ ಲೇಖಕರ ಪಟ್ಟಿಗೆ ಮಿತಿಯಿಲ್ಲ. ಅವರ ಹೆಸರು ಅಲ್ಲಿಗೆ ಬರುವುದಕ್ಕೆ ಯಾವ ಪ್ರಶಸ್ತಿ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ, ಸಂಶೋಧಕರು ಮನಸ್ಸು ಮಾಡಿದರೆ ಸಾಕು.